ತೊಳೆದ ನಂತರವೇ ಸೋಂಕುನಿವಾರಕ

ಪುಣೆಯ ಹೊರವಲಯದ ಹ್ಯಾಚರಿಯೊಂದರಲ್ಲಿ (ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಘಟಕ) ನೈರ್ಮಲ್ಯದ ಉಸ್ತುವಾರಿ ನೋಡಿಕೊಳ್ಳುವ ನಾನು, ವಿಜಯಪುರ, ಕಲಬುರಗಿ ಕಡೆಯಿಂದ ಹೊಸದಾಗಿ ಬರುವ ಕೆಲಸಗಾರರಿಗೆ ಮೊದಲು ಹೇಳುವುದು ಇಷ್ಟೇ: ಕೊಳೆ ಉಳಿದ ಕಡೆ ಸೋಂಕುನಿವಾರಕ ತನ್ನ ಶಕ್ತಿ ಕಳೆದುಕೊಳ್ಳುತ್ತದೆ.

ಕೋಳಿಮೊಟ್ಟೆಗಳು ಸುಮಾರು 18 ದಿನ ಸೆಟ್ಟರ್ ಎಂಬ ಕಾವು ಯಂತ್ರದಲ್ಲಿದ್ದು, ಕೊನೆಯ 3 ದಿನ ಮರಿಗಳು ಒಡೆದು ಹೊರಬರುವ ಹ್ಯಾಚರ್ ಯಂತ್ರದಲ್ಲಿರುತ್ತವೆ. ಅಲ್ಲಿನ ಕಾವು, ತೇವ ಎರಡೂ ಭ್ರೂಣಕ್ಕೆ ಹಿತವಾಗಿರುವಂತೆಯೇ ಬ್ಯಾಕ್ಟೀರಿಯಾಗಳಿಗೂ ಹಿತವಾಗಿರುತ್ತವೆ. ಮರಿಗಳನ್ನು ಹೊರತೆಗೆದ ಮೇಲೆ ನೋಡಿದರೆ ಹಳದಿ ತುಪ್ಪುಳ ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡಿರುತ್ತದೆ, ಟ್ರೇಗಳ ಮೂಲೆಯಲ್ಲಿ ಚಿಪ್ಪಿನ ಚೂರುಗಳೊಂದಿಗೆ ಲೋಳೆ ಒಣಗಿ ಗಟ್ಟಿಯಾಗಿರುತ್ತದೆ. ಇದೆಲ್ಲವನ್ನೂ ತೆಗೆದು, ಡಿಟರ್ಜೆಂಟ್ ನೀರಿನಲ್ಲಿ ಉಜ್ಜಿ ತೊಳೆದು, ನೀರು ಬಸಿದುಹೋದ ನಂತರವೇ ಔಷಧಿ ಸಿಂಪಡಿಸಬೇಕು. ಸಿಂಪಡಿಸಿದ ಮೇಲೆ ತಯಾರಕರು ಹೇಳಿದಷ್ಟು ಹೊತ್ತು ಬಿಡಲೂ ಬೇಕು.

ಹೊಕ್ಕುಳು ಸರಿಯಾಗಿ ಮುಚ್ಚಿಕೊಳ್ಳದ ಮರಿಗೆ ಇ. ಕೋಲೈ ಬ್ಯಾಕ್ಟೀರಿಯಾ ತಗುಲಿದರೆ ಹೊಟ್ಟೆ ಉಬ್ಬಿ, ಹೊಕ್ಕುಳು ಒದ್ದೆಯಾಗಿ, ಎಷ್ಟೋ ಮರಿಗಳು ಮೊದಲ ವಾರದಲ್ಲೇ ಸಾಯುತ್ತವೆ. ಆಸ್ಪರ್ಜಿಲಸ್ ಬೂಷ್ಟು ಶ್ವಾಸಕೋಶ ಸೇರಿದರೆ ಮರಿ ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಆ ನೋಟ ನನಗೆ ಇಂದಿಗೂ ಸಹಿಸಲಾಗದು.

ಫಾರ್ಮಲಿನ್‌ಗೆ (ಫಾರ್ಮಾಲ್ಡಿಹೈಡ್ ಅನಿಲ ಕರಗಿರುವ ದ್ರಾವಣ) ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ಹೊಗೆ ಹಾಕುವ ಹಳೆಯ ಪದ್ಧತಿ ಪರಿಣಾಮಕಾರಿ ನಿಜ, ಆದರೆ ಕಾವಿಗಿಟ್ಟು 24ರಿಂದ 96 ಗಂಟೆಯಾದ ಮೊಟ್ಟೆಗಳಿಗೆ ಅದನ್ನು ಹಾಕಬಾರದು, ಆ ಹಂತದ ಭ್ರೂಣ ತೀರಾ ಸೂಕ್ಷ್ಮ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿರುವುದರಿಂದ, ಸರಿಯಾದ ಮುಖಗವಸಿಲ್ಲದೆ ಯಾರನ್ನೂ ಆ ಕೋಣೆಯೊಳಗೆ ಕಳುಹಿಸಲು ನಾನು ಒಪ್ಪುವುದಿಲ್ಲ.