ಬಂಡೀಪುರದ ಬಳಿ ಪರಿಸರ ಶಿಕ್ಷಕರ ಕೂಟ

ಬಂಡೀಪುರದ ಆಸುಪಾಸಿನಲ್ಲಿ ವನ್ಯಜೀವಿ ಶಿಕ್ಷಕರನ್ನು ಸೇರಿಸುವವರು ಮೊದಲು ಗಡಿಯಾರ ನೋಡಿಕೊಳ್ಳಿ. ಕೆಲವೇ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ವಯನಾಡು, ಊಟಿ ಕಡೆಯವರು ಹಿಂದಿನ ಸಂಜೆಯೇ ಗುಂಡ್ಲುಪೇಟೆ ಸೇರದಿದ್ದರೆ ಬೆಳಗಿನ ಹಕ್ಕಿ ನಡಿಗೆ ಕೈತಪ್ಪಿತು ಎಂದೇ ಲೆಕ್ಕ. ನಡಿಗೆಗೆ ಗುಂಪಿಗೆ ಆರೇ ಜನ, ಇಬ್ಬರಿಗೊಂದು ದುರ್ಬೀನು ಸಾಕು.

ಹೆಜ್ಜೆಗುರುತಿನ ಅಚ್ಚು ತೆಗೆಯುವ ಪಾಠಕ್ಕೆ ಕಾಡೊಳಗೆ ಹೋಗಬೇಕಿಲ್ಲ. ಊರ ಕೆರೆಯಂಚಿನ ಹಸಿಮಣ್ಣಲ್ಲಿ ನಾಯಿ ಹೆಜ್ಜೆ ಸಿಕ್ಕೇ ಸಿಗುತ್ತದೆ. ಉಗುರಿನ ಗುರುತು ಕಾಣುತ್ತದೆ. ಹುಲಿ, ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳುವುದರಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಹೆಜ್ಜೆಯ ಸುತ್ತ ಎರಡು ಇಂಚು ಎತ್ತರದ ರಟ್ಟಿನ ಪಟ್ಟಿ ನೆಡಿ. ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್. ಪುಡಿಯನ್ನೇ ನೀರಿಗೆ ಉದುರಿಸಿ. ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸೇರಿ ಅಚ್ಚಿನ ಮೈಯೆಲ್ಲ ತೂತು. ಹೆಜ್ಜೆಯ ಮೇಲೆ ನೇರ ಸುರಿಯದೆ ಪಕ್ಕದಲ್ಲಿ ಚಮಚ ಹಿಡಿದು ಅದರ ಮೇಲಿಂದ ಹರಿಸಿ, ಇಲ್ಲವಾದರೆ ಬೆರಳಿನ ಅಂಚು ಕುಸಿಯುತ್ತದೆ. ಅರ್ಧ ಗಂಟೆಗೆ ಎತ್ತಬಹುದು, ಮಣ್ಣು ತುಂಬ ಹಸಿಯಿದ್ದರೆ ಒಂದು ಗಂಟೆ. ಮಣ್ಣು ತೊಳೆಯುವುದು ಮರುದಿನವೇ.

ಮಕ್ಕಳನ್ನು ಬಯಲಿಗೆ ಕರೆದೊಯ್ಯಿರಿ ಎನ್ನುವ ನಾವೇ ಕೂಟವನ್ನೆಲ್ಲ ಪ್ರೊಜೆಕ್ಟರ್ ಮುಂದೆ ಕಳೆಯುವುದು ನೋವಿನ ಸಂಗತಿ. ಭಾಷಣ ಊಟದ ನಂತರಕ್ಕಿರಲಿ, ಬಿಸಿಲು ಏರಿದ ಮೇಲೆ ಹಕ್ಕಿಗಳೂ ನೆರಳು ಹಿಡಿದಿರುತ್ತವೆ.