ಪವಿತ್ರ ಶನಿವಾರ, ಕುರಿದೊಡ್ಡಿಯಲ್ಲಿ

ಹಗಲು ರಾತ್ರಿ ಸಮವಾಗುವ ವಸಂತ ವಿಷುವದಂದು, ಇಲ್ಲವೇ ಅದರ ನಂತರ, ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರವೇ ಈಸ್ಟರ್ ಎಂಬುದು ಕ್ರೈಸ್ತ ಸಭೆಯ ಹಳೆಯ ಲೆಕ್ಕ. ಹೀಗಾಗಿ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ದಿನವಾದರೂ ಬೀಳಬಹುದು. ಇಂಗ್ಲೆಂಡಿನಲ್ಲಿ ಕುರಿಗಳು ಈಯುವ ಕಾಲವೂ ಇದೇ. ಕುರಿಯ ಗರ್ಭಾವಧಿ ಸುಮಾರು 147 ದಿನಗಳು. ತಗ್ಗಿನ ಸೀಮೆಯವರು ಅಕ್ಟೋಬರಿನಲ್ಲಿಯೇ ಹಿಂಡಿಗೆ ಟಗರು ಬಿಡುತ್ತಾರೆ. ಗುಡ್ಡದ ಮೇಲಿನವರಾದರೋ ಹುಲ್ಲು ತಡವಾಗಿ ಚಿಗುರುವುದೆಂದು ನವೆಂಬರಿನವರೆಗೆ ಕಾಯುತ್ತಾರೆ. ಹಬ್ಬದ ರಜೆಯಲ್ಲಿ ಅನೇಕ ಹೊಲಮನೆಗಳು ಕುಟುಂಬಗಳಿಗೆ ಬಾಗಿಲು ತೆರೆಯುವುದರಿಂದ, ನಾವೂ ಈಸ್ಟರಿನ ಹಿಂದಿನ ದಿನವಾದ ಪವಿತ್ರ ಶನಿವಾರದಂದು ಮಕ್ಕಳನ್ನು ಕರೆದುಕೊಂಡು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಅಂಥದೊಂದು ಮನೆಗೆ ಹೋಗಿದ್ದೆವು.

ಬಸುರಿಯರು ಈಯುವ ಕುರಿಗಳ ಹತ್ತಿರ ಬರಬಾರದು, ಗರ್ಭಕ್ಕೆ ಅಪಾಯ ತರುವ ಸೋಂಕುಗಳಿರುತ್ತವೆ ಎಂದು ಬಾಗಿಲಲ್ಲಿಯೇ ಫಲಕವಿತ್ತು. ನನ್ನ ತಂಗಿ ಹೊರಗಿನ ಬೆಂಚಿನ ಮೇಲೆ ಉಳಿದಳು. ಒಳಗೆ ಕಪ್ಪು ಮುಖ, ಬಿಳಿ ಮೂತಿ, ಬಾಗಿದ ಕೊಂಬುಗಳ ಸ್ವೇಲ್‌ಡೇಲ್ ಕುರಿಗಳು. ಈದ ಕುರಿಯನ್ನೂ ಅದರ ಮರಿಗಳನ್ನೂ ಒಂದೆರಡು ದಿನ ಬೇರೆ ಗೂಡಿನಲ್ಲಿ ಇಟ್ಟು, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಮೊದಲ ಗಂಟೆಗಳಲ್ಲಿಯೇ ಗಿಣ್ಣುಹಾಲು ಹೊಟ್ಟೆಗೆ ಹೋಯಿತೇ ಎಂದು ನೋಡುತ್ತಾರೆ. ತಾಯಿಯು ಬಾಯಿ ತೆರೆಯದೆ ಗಂಟಲೊಳಗೇ ಗುರುಗುಟ್ಟುತ್ತಾ ಮರಿಯ ಬೆನ್ನನ್ನು ನೆಕ್ಕುತ್ತಿತ್ತು. ಧಾರವಾಡದ ಭಾನುವಾರ ಶಾಲೆಯಲ್ಲಿ ನಾವು ಬಣ್ಣ ತುಂಬುತ್ತಿದ್ದ ಚಿತ್ರದ ಕುರುಬನು ಮಡಿಯಾದ ಬಿಳಿ ನಿಲುವಂಗಿಯಲ್ಲಿ ಇರುತ್ತಿದ್ದನು. ಊರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸುತ್ತಿದ್ದ ಹಾಲುಮತದವರ ಕಂಬಳಿಯನ್ನೂ ಈ ರೈತನ ಅಯೋಡಿನ್ ಹತ್ತಿದ ಕೈಗಳನ್ನೂ ಕಂಡವರಿಗೆ ಆ ಬಿಳುಪು ಅಷ್ಟಾಗಿ ನಂಬಿಕೆ ಹುಟ್ಟಿಸದು.

ಮೂಲೆಯ ಗೂಡಿನಲ್ಲಿದ್ದ ಮರಿಯೊಂದು ತನ್ನ ಚರ್ಮದ ಮೇಲೆ ಇನ್ನೊಂದು ಚರ್ಮವನ್ನು ತೊಟ್ಟಿತ್ತು. ಮಗಳು ಅದನ್ನು ಅಂಗಿ ಎಂದುಕೊಂಡಳು. ಕುರಿಗೆ ಇರುವುದು ಎರಡೇ ಮೊಲೆತೊಟ್ಟು. ಮೂರು ಮರಿ ಹುಟ್ಟಿದರೆ ಒಂದಕ್ಕೆ ಬೇರೆ ತಾಯಿಯನ್ನು ಹುಡುಕಬೇಕು. ಆದರೆ ಕುರಿಯು ತನ್ನ ಮರಿಯನ್ನು ವಾಸನೆಯಿಂದಲೇ ಗುರುತಿಸುತ್ತದೆ, ಪರರ ಮರಿ ಹತ್ತಿರ ಬಂದರೆ ಹಾಯುತ್ತದೆ. ಆದ್ದರಿಂದ ಮರಿ ಸತ್ತ ತಾಯಿಯೊಂದು ಇದ್ದರೆ, ಆ ಸತ್ತ ಮರಿಯ ಚರ್ಮವನ್ನು ಸುಲಿದು, ಕಾಲುಗಳಿಗೆ ತೂತು ಬಿಟ್ಟು, ಅನಾಥ ಮರಿಗೆ ತೊಡಿಸುತ್ತಾರೆ. ತಾಯಿಯು ಮೂಸಿ ನೋಡಿ ಮೊಲೆಗೆ ಬಿಟ್ಟುಕೊಳ್ಳುತ್ತದೆ. ತನ್ನದೇ ಹಾಲು ಮರಿಯ ಮೈಯಲ್ಲಿ ಇಳಿದು ವಾಸನೆ ಒಗ್ಗಿದ ಮೇಲೆ, ಕೆಲವು ದಿನಗಳಲ್ಲಿ ಆ ಚರ್ಮವನ್ನು ಕಳಚುತ್ತಾರೆ.

ಯೇಸುವಿನ ದೇಹವಿದ್ದ ಕಲ್ಲರೆಯ ಮೌನವನ್ನು ಧ್ಯಾನಿಸಬೇಕಾದ ದಿನದಂದು ಇದನ್ನು ನೋಡುತ್ತಾ ನನಗೆ ಬೈಬಲಿನ ಆದಿಕಾಂಡದ 27ನೆಯ ಅಧ್ಯಾಯ ನೆನಪಾಯಿತು. ಯಾಕೋಬನು ಆಡಿನ ಮರಿಗಳ ಚರ್ಮವನ್ನು ಕೈಗಳಿಗೂ ಕೊರಳಿಗೂ ಸುತ್ತಿಕೊಂಡು, ಅಣ್ಣ ಏಸಾವನ ಉಡುಪನ್ನು ತೊಟ್ಟು, ಕಣ್ಣು ಮಂದವಾದ ತಂದೆ ಇಸಾಕನಿಂದ ಆಶೀರ್ವಾದವನ್ನು ಪಡೆದನು. ತಂದೆಯು ಆ ಬಟ್ಟೆಯ ವಾಸನೆಯನ್ನು ಮೂಸಿದನೆಂದೇ ಅಲ್ಲಿ ಬರೆದಿದೆ. ಅದು ಮೋಸ. ರೈತನು ಮಾಡಿದ್ದೂ, ದಯೆಯಿಂದಲೇ ಆದರೂ, ಮೋಸವೇ. ದೀಕ್ಷಾಸ್ನಾನವಾದವರು ಕ್ರಿಸ್ತನನ್ನು ಧರಿಸಿಕೊಂಡಿದ್ದಾರೆ ಎಂದು ಗಲಾತ್ಯದವರಿಗೆ ಅಪೊಸ್ತಲನಾದ ಪೌಲನು ಬರೆಯುವಾಗ ಮಾತ್ರ ಈ ಹೋಲಿಕೆ ಮುಂದೆ ಸಾಗದೆ ನಿಂತುಬಿಡುತ್ತದೆ: ನಮ್ಮನ್ನು ಒಪ್ಪಿಕೊಳ್ಳುವ ತಂದೆಯು ಮೋಸಹೋದವನಲ್ಲ. ಒಳಗಿರುವುದು ಯಾರ ಮರಿ ಎಂದು ಆತನಿಗೆ ಗೊತ್ತು. ಸತ್ತವನು ಯಾರೆಂಬುದೂ ಗೊತ್ತು. ಇಷ್ಟನ್ನು ತಿಳಿದೂ ಹಾಲು ಕೊಡುತ್ತಾನೆ ಎಂಬುದನ್ನೇ ನಾನು ಈಸ್ಟರಿನ ಸುವಾರ್ತೆ ಎಂದು ತಿಳಿದಿದ್ದೇನೆ.

“ಈ ಮರಿಯನ್ನು ತಿನ್ನುತ್ತಾರಾ?” ಎಂದು ಮಗ ಕೇಳಿದನು. ಹೆಣ್ಣುಮರಿಗಳಲ್ಲಿ ಕೆಲವು ಹಿಂಡಿನಲ್ಲಿ ಉಳಿಯುತ್ತವೆ, ಗಂಡುಮರಿಗಳಲ್ಲಿ ಬಹುಪಾಲು ಮಾಂಸಕ್ಕೆ ಹೋಗುತ್ತವೆ ಎಂದು ರೈತನು ಮುಚ್ಚುಮರೆಯಿಲ್ಲದೆ ಹೇಳಿದನು. ಅದು ಒಳ್ಳೆಯದೇ ಆಯಿತು. ವಿಮೋಚನಕಾಂಡದ 12ನೆಯ ಅಧ್ಯಾಯದ ಪ್ರಕಾರ ಇಸ್ರಾಯೇಲ್ಯರು ಪಸ್ಕ ಹಬ್ಬಕ್ಕೆ ಕೊಯ್ಯುವ ಮರಿಯನ್ನು ತಿಂಗಳ ಹತ್ತನೆಯ ದಿನ ಆರಿಸಿ, ಹದಿನಾಲ್ಕನೆಯ ದಿನದ ಸಂಜೆ ಕೊಯ್ಯುವವರೆಗೆ ಇಟ್ಟುಕೊಂಡಿರಬೇಕಾಗಿತ್ತು. ಅಷ್ಟರಲ್ಲಿ ಇಸ್ರಾಯೇಲ್ಯರ ಮಕ್ಕಳು ಅದಕ್ಕೆ ಹುಲ್ಲು ತಿನ್ನಿಸಿರಬೇಕು, ಹೆಸರಿಟ್ಟು ಕರೆದಿರಲೂಬಹುದು. ಯೇಸುವನ್ನು ದೇವರ ಕುರಿಮರಿ ಎಂದು ಸ್ನಾನಿಕನಾದ ಯೋಹಾನನು ತೋರಿಸಿದಾಗ ಕೇಳಿದವರಿಗೆ ನೆನಪಾದದ್ದು ಹೀಗೆ ಕಣ್ಣೆದುರು ಇದ್ದ ಮರಿಯೇ ಇರಬೇಕು.

ಇಂಗ್ಲೆಂಡಿನಲ್ಲಿ ಈಸ್ಟರ್ ಮಧ್ಯಾಹ್ನದ ಊಟಕ್ಕೆ ಕುರಿಮರಿಯ ಮಾಂಸ ಬೇಯಿಸುವುದು ರೂಢಿ. ಮರುದಿನ ಆರಾಧನೆ ಮುಗಿಸಿ ಬಂದ ಮೇಲೆ ನಮ್ಮ ಮಕ್ಕಳು ಅದು ಬೇಡವೆಂದರು, ನಾವೂ ಒತ್ತಾಯಿಸಲಿಲ್ಲ. ಹಿಂದಿನ ಕಾಲದಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಮೊಟ್ಟೆಯೂ ನಿಷಿದ್ಧವಾಗಿತ್ತು, ಹಬ್ಬದಂದು ಅದನ್ನು ಮುರಿದು ತಿನ್ನುತ್ತಿದ್ದರು; ಆ ಲೆಕ್ಕದಲ್ಲಿ ನನ್ನ ಹೆಂಡತಿ ಮಾಡಿದ ಮೊಟ್ಟೆಸಾರು ಯಾವ ಸಂಪ್ರದಾಯಕ್ಕೂ ಕಡಿಮೆಯಾದುದಲ್ಲ.