ಸರದಿಗೆ ಕಾಯುತ್ತ ನಿಂತ ಕಥೆಗಳು

ನಾನು ನಡೆಸಿದ ಮೊದಲ ಆನ್‌ಲೈನ್ ರೋಲ್‌ಪ್ಲೇ ಆಟ ಬೀಗ ಹಾಕಿದ ಒಂದು ಬಾಗಿಲಿನ ಮುಂದೆ ನಿಂತುಹೋಯಿತು. ನಾಲ್ವರು ಉತ್ಸಾಹಿ ಆಟಗಾರರು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಪೋಸ್ಟ್ ಬರೆಯುತ್ತ, ಎರಡು ತಿಂಗಳು ಸೊಗಸಾಗಿ ಬೆಳೆಸಿದ ಕಥೆಯದು. ಯಾರೂ ಜಗಳವಾಡಿರಲಿಲ್ಲ, ಯಾರಿಗೂ ಬೇಸರವೂ ಬಂದಿರಲಿಲ್ಲ. “ಬಾಗಿಲಿಗೆ ಬೀಗವಿದೆ. ನೀವೇನು ಮಾಡುತ್ತೀರಿ?” ಎಂದು ನಾನು ಬರೆದೆ, ಹನ್ನೊಂದು ದಿನ ಯಾರೂ ಏನೂ ಮಾಡಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ವಿಚಾರಿಸಿದಾಗ, ಕಳ್ಳನ ಪಾತ್ರ ವಹಿಸಿದವರು ದಳದ ನಾಯಕಿಯ ಅಪ್ಪಣೆಗೂ, ನಾಯಕಿ ಮಾಂತ್ರಿಕನ ಸಲಹೆಗೂ, ಮಾಂತ್ರಿಕ ಕಳ್ಳನ ಕೈಚಳಕಕ್ಕೂ ಕಾಯುತ್ತಿದ್ದರೆಂದು ತಿಳಿಯಿತು. ನಾಲ್ಕನೆಯವರು ಇದು ತಮ್ಮ ಸರದಿಯೇ ಅಲ್ಲವೆಂದುಕೊಂಡಿದ್ದರು.

ಇಂಥ ಆಟಗಳು ಆಸಕ್ತಿ ಬತ್ತಿ ಸಾಯುತ್ತವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಹುಪಾಲು ಸಾಯುವುದು ಕಾಯುವುದರಿಂದ. 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಒಂದೇ ಮೇಜಿನ ಸುತ್ತ ಕುಳಿತವರ ರೋಲ್‌ಪ್ಲೇ ಆಟ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಕಂಪ್ಯೂಟರ್ ಆಟ ಬರೀ ಅಕ್ಷರಗಳ ಜಗತ್ತಾಗಿದ್ದರೂ, ಅಲ್ಲಿಯೂ ಆಟಗಾರರು ಒಂದೇ ಹೊತ್ತಿನಲ್ಲಿ ಕೂಡಿರುತ್ತಿದ್ದರು. ಬಿಡುವಾದಾಗ ಬಂದು ಒಂದೊಂದು ಪೋಸ್ಟ್ ಬರೆದು ಹೋಗುವ ನಮ್ಮ ಆಟಕ್ಕೆ ಆ ಅನುಕೂಲವಿಲ್ಲದಿದ್ದರೂ, ಮೇಜಿನ ಆಟದ ನಿಯಮಗಳನ್ನೇ ಇದ್ದ ಹಾಗೆಯೇ ತಂದುಕೊಂಡಿದ್ದೇವೆ. ಐವರು ಆಟಗಾರರು, ಆಟ ನಡೆಸುವ ಒಬ್ಬ ಗೇಮ್ ಮಾಸ್ಟರ್, ದಿನಕ್ಕೆ ಒಬ್ಬರ ಪೋಸ್ಟ್ ಎಂದಿಟ್ಟುಕೊಂಡರೆ, ಸರದಿ ತಪ್ಪದೆ ನಡೆಯುವ ಕಾಳಗದ ಒಂದು ಸುತ್ತಿಗೆ 6 ದಿನ, ಮೂರು ಸುತ್ತಿಗೆ 18 ದಿನ ಬೇಕು. ಮೇಜಿನ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯಬಹುದಾದ ಹೊಡೆದಾಟವದು. ಮೂರನೆಯ ವಾರದ ಹೊತ್ತಿಗೆ ಯಾರು ಯಾರನ್ನು ಏಕೆ ಹೊಡೆಯುತ್ತಿದ್ದಾರೆಂಬುದೇ ಮರೆತಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕಾಯಿಲೆ ಸಂಕೋಚ. ಎರಡು ದಿನ ತಡಮಾಡಿದವರು ‘ನಾಳೆ ಬರೆದರಾಯಿತು’ ಎಂದುಕೊಳ್ಳುತ್ತಾರೆ. ವಾರವಾದ ಮೇಲೆ, ಇಷ್ಟು ಕಾಯಿಸಿ ನಾಲ್ಕು ಸಾಲು ಬರೆದರೆ ಚೆನ್ನಾಗಿರದೆಂದು ದೊಡ್ಡ ಪೋಸ್ಟೊಂದನ್ನು ಮನಸ್ಸಿನಲ್ಲಿ ಕಟ್ಟತೊಡಗುತ್ತಾರೆ. ಅದು ದೊಡ್ಡದಾದಷ್ಟೂ ಕೂತು ಬರೆಯುವ ಗಳಿಗೆ ದೂರ ಸರಿಯುತ್ತದೆ. ತಿಂಗಳು ಕಳೆದರೆ ಗುಂಪಿನಲ್ಲಿ ಮುಖ ತೋರಿಸುವುದೇ ಕಷ್ಟ. ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ: ಬೇರೊಬ್ಬರು ನಡೆಸುತ್ತಿದ್ದ ಆಟದಿಂದ ನಾನೂ ಹೀಗೆಯೇ ಸದ್ದಿಲ್ಲದೆ ಮಾಯವಾಗಿದ್ದೆ, ಅದೂ ನನ್ನ ಪಾತ್ರ ನನಗೆ ಬಹಳ ಇಷ್ಟವಾಗಿದ್ದಾಗ. ಆದುದರಿಂದ ಈಗ ನಾನು ನಡೆಸುವ ಆಟಗಳಲ್ಲಿ ಎರಡು ಸಾಲಿನ ಪೋಸ್ಟಿಗೂ ಪೂರ್ಣ ಮರ್ಯಾದೆಯುಂಟು, ತಡವಾಗಿ ಬಂದವರು ಕಾರಣ ಹೇಳಬೇಕಾಗಿಲ್ಲ. ಮೂರು ದಿನ ಸುದ್ದಿಯಿಲ್ಲದಿದ್ದರೆ ಆ ಪಾತ್ರವನ್ನು ನಾನೇ ಮುಂದೆ ನಡೆಸುತ್ತೇನೆಂದು ಮೊದಲ ದಿನವೇ ಹೇಳಿರುತ್ತೇನೆ. ಹೀಗೆ ನಡೆಸುವಾಗ ಆ ಪಾತ್ರಕ್ಕೆ ಅವಮಾನವಾಗುವಂಥದ್ದನ್ನೋ ಸಾವನ್ನೋ ಬರೆಯಬಾರದು. ಬರೆದರೆ ಅವರು ಮತ್ತೆ ಬರುವುದಿಲ್ಲ.

ಪೋಸ್ಟಿನ ತುದಿಯಲ್ಲಿ ಮುಂದಿನವರಿಗೆ ಹಿಡಿಯಲು ಏನಾದರೂ ಇರಬೇಕು. ಆ ಬಾಗಿಲನ್ನೇ ಇಂದು ಹೀಗೆ ಬರೆದೇನು: “ಬೀಗ ಮುಟ್ಟಿದ ಕಳ್ಳನ ಬೆರಳಿಗೆ ಹಸಿ ಎಣ್ಣೆ ಅಂಟಿತು, ಯಾರೋ ಈಗಷ್ಟೇ ತೆರೆದು ಒಳಗೆ ಹೋಗಿದ್ದಾರೆ. ಹಿಂದಿನ ಮೆಟ್ಟಿಲ ಮೇಲೆ ದೀಪದ ಬೆಳಕು ಇಳಿದುಬರುತ್ತಿದೆ. ನಾಯಕಿಗೆ ಆ ಹೆಜ್ಜೆಯ ಸದ್ದಿನ ಗುರುತಿದೆ.” ಇಲ್ಲಿ ಕಳ್ಳನಿಗೊಂದು ಕೆಲಸ, ನಾಯಕಿಗೊಂದು ಗುಟ್ಟು, ಎಲ್ಲರಿಗೂ ಒಂದು ಅವಸರ ಸಿಕ್ಕಿತು. ಇಬ್ಬರು ಬರೆಯದಿದ್ದರೂ ದೀಪ ಕೆಳಗೆ ಬಂದೇ ಬರುತ್ತದೆ. ಇದು ಗೇಮ್ ಮಾಸ್ಟರ್‌ಗಷ್ಟೇ ಸೇರಿದ ಹೊಣೆಯಲ್ಲ. ತನ್ನ ಪಾತ್ರ ಮೂಲೆಯಲ್ಲಿ ನಿಂತು ಏನೇನು ಯೋಚಿಸಿತೆಂದು ಮೂರು ಪ್ಯಾರಾ ಸುಂದರವಾಗಿ ಬರೆದು, ಯಾರನ್ನೂ ಒಂದು ಮಾತು ಕೇಳದೆ ಮುಗಿಸುವ ಆಟಗಾರರು ಆಟವನ್ನು ಎಷ್ಟು ನಿಧಾನಗೊಳಿಸುತ್ತಾರೆಂಬುದು ಅವರಿಗೇ ತಿಳಿದಿರುವುದಿಲ್ಲ.

ಕಾಳಗದಲ್ಲಿ ಸರದಿಯ ಕಟ್ಟನ್ನು ಬಿಟ್ಟುಬಿಟ್ಟಿದ್ದೇನೆ. ಆಟಗಾರರೆಲ್ಲರೂ ಎರಡು ದಿನದೊಳಗೆ ತಮಗೆ ಬೇಕಾದ ಕ್ರಮದಲ್ಲಿ ಬರೆಯುತ್ತಾರೆ, ಏಟು ತಾಗಿತೋ ಇಲ್ಲವೋ ಎಂದು ತೀರ್ಮಾನಿಸುವ ದಾಳಗಳನ್ನು ಆಗಲೇ ಉರುಳಿಸಿಬಿಡುತ್ತಾರೆ, ಆಮೇಲೆ ಶತ್ರುಗಳೆಲ್ಲರ ಉತ್ತರವನ್ನು ನಾನು ಒಂದೇ ಪೋಸ್ಟಿನಲ್ಲಿ ಬರೆಯುತ್ತೇನೆ. ಇನ್ನು ನಕ್ಷೆ, ರಾಜವಂಶ, ಐದು ಸಾವಿರ ಪದಗಳ ಪೂರ್ವಕಥೆ ಇತ್ಯಾದಿ ಸಿದ್ಧತೆಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆಟಕ್ಕಿರಬೇಕಾದ ಹುಮ್ಮಸ್ಸನ್ನು ಅವು ಆಟಕ್ಕೆ ಮೊದಲೇ ತಿಂದುಹಾಕುತ್ತವೆ.

ಕಥೆಯನ್ನು ಚಿಕ್ಕದಾಗಿ ಯೋಜಿಸುವುದು ನಾನು ತಡವಾಗಿ ಕಲಿತ ವಿದ್ಯೆ. ಎರಡು ತಿಂಗಳಲ್ಲಿ ಮುಗಿಯುವ ಒಂದು ಕಳ್ಳತನ, ಒಂದು ಮುತ್ತಿಗೆ, ಒಂದು ಪ್ರಯಾಣ ಸಾಕು. ಮುಗಿದ ಮೇಲೆ ಇಷ್ಟವಿದ್ದವರು ಅದೇ ಪಾತ್ರಗಳೊಂದಿಗೆ ಇನ್ನೊಂದಕ್ಕೆ ಕೂಡಬಹುದು, ಸಾಕೆನಿಸಿದವರು ಸಂಕೋಚವಿಲ್ಲದೆ ಹೊರಡಬಹುದು.

ಆ ಬಾಗಿಲಿನ ಆಟಕ್ಕೂ ಏಳು ತಿಂಗಳ ನಂತರ ಒಂದು ಮುಕ್ತಾಯ ಬರೆದೆ: ಬಾಗಿಲು ತೆರೆಯಿತು, ಒಳಗೆ ಹುಡುಕುತ್ತಿದ್ದ ಪತ್ರಗಳಿದ್ದವು, ದಳ ಬೆಳಗಾಗುವುದರೊಳಗೆ ಊರು ಬಿಟ್ಟಿತು. ಅದೇ ರಾತ್ರಿ ಕಳ್ಳನ ಪಾತ್ರದವರು ಬಂದು ಕೆಳಗೆ ಒಂದೇ ಸಾಲು ಸೇರಿಸಿದರು: “ಹೊರಡುವಾಗ ಬೀಗವನ್ನು ಜೇಬಿಗೆ ಹಾಕಿಕೊಂಡೆ.”